ಕ್ಷೌರಿಕನ ಮನೆಯ ಗುಂಗುರು ನಾಯಿ

ಬದುಕಿನ ಮುಕ್ಕಾಲು ಪಾಲನ್ನು ನಿಂತೇ ಕಳೆದ ಮನುಷ್ಯ ಅವನು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮೂಲೆಯಲ್ಲೊಂದು ಬೇಸಿನ್. ಇಷ್ಟೇ ಇದ್ದ ಅಂಗಡಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ, ಭಾನುವಾರವೊಂದು ಬಿಟ್ಟು, ಇಪ್ಪತ್ತೇಳು ವರ್ಷ, ಬೇರೆಯವರ ತಲೆಯ ಹಿಂದೆ ನಿಂತಿದ್ದ. ಎರಡನೆಯ ಕುರ್ಚಿ ಪಾಲುದಾರನದು. ಪಾಲುದಾರನ ಬಾಯಿ ನಿಲ್ಲುತ್ತಿರಲಿಲ್ಲ, ಇವನ ಬಾಯಿ ತೆರೆಯುತ್ತಿರಲಿಲ್ಲ. ಮಾತಾಡದ ಕ್ಷೌರಿಕನನ್ನು ಯಾರು ಕಂಡಿದ್ದಾರೆ? ಬೀದಿಯವರು ಅವನಿಗೆ ಮೌನಪ್ಪ ಎಂದು ಹೆಸರಿಟ್ಟರು. ಲೋಕದ ಸುದ್ದಿ ಬೇಕಾದವರು ಪಾಲುದಾರನ ಕುರ್ಚಿಗೆ ಹೋಗುತ್ತಿದ್ದರು. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಸಾಕು ಅನ್ನುವವರು ಮೌನಪ್ಪನ ಕುರ್ಚಿಗೆ ಬರುತ್ತಿದ್ದರು.

ಸಂಜೆ ಮನೆಗೆ ಬಂದವನೇ ಕಾಲುಚೀಲ ಕಳಚುತ್ತಿದ್ದ. ಚೀಲದ ಪಟ್ಟಿ ಇದ್ದಲ್ಲಿ ಊದಿದ ಕಾಲಿನ ಮೇಲೆ ಬೆರಳಷ್ಟು ಆಳದ ಗೆರೆ. ನೆಲದ ಮೇಲೆ ಮಲಗಿ ಎರಡೂ ಕಾಲುಗಳನ್ನು ಗೋಡೆಗೆ ಎತ್ತಿ ಇಟ್ಟು ಅರ್ಧ ಗಂಟೆ ಸೂರು ನೋಡುವುದು ಅವನ ರೂಢಿ. ಆ ಅರ್ಧ ಗಂಟೆ ಅವನನ್ನು ಯಾರೂ ಕರೆಯುವಂತಿರಲಿಲ್ಲ. ಹೆಂಡತಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸದವಳು. ಹೊಲಿದು ಬಂದ ಅಂಗಿಗಳ ತೋಳು, ಕೊರಳು, ಗುಂಡಿಯ ಹಿಂದೆ ಉಳಿದ ನೂಲಿನ ತುದಿಗಳನ್ನು ಪುಟ್ಟ ಕತ್ತರಿಯಿಂದ ಕಚಕಚ ಎಂದು ಕತ್ತರಿಸುತ್ತ ಅವಳ ದಿನ ಮುಗಿಯುತ್ತಿತ್ತು. ಗಂಡ ಹೆಂಡತಿ ಇಬ್ಬರದೂ ಕತ್ತರಿಯ ಬದುಕೇ. ಮನೆಗೆ ಬಂದ ಮೇಲೆ ಕತ್ತರಿ ಕಂಡರೆ ಇಬ್ಬರಿಗೂ ಆಗುತ್ತಿರಲಿಲ್ಲ.

ಅಂಥ ಮನೆಗೆ ಬಂದದ್ದು ಕೂದಲು ಬೆಳೆಯುವುದು ನಿಲ್ಲದ ನಾಯಿ.

ಇರುವವಳು ಒಬ್ಬಳೇ ಮಗಳು. ಅವಳಿಗೆ ಸಣ್ಣಂದಿನಿಂದ ಉಬ್ಬಸ, ಜೊತೆಗೆ ಸಣ್ಣಂದಿನಿಂದಲೇ ನಾಯಿಯ ಹುಚ್ಚು. ಎದೆಯ ಡಾಕ್ಟರು ಕೂದಲಿನ ಪ್ರಾಣಿ ಬೇಡವೇ ಬೇಡ ಎಂದಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಎಲ್ಲಿಂದಲೋ ಪತ್ತೆ ಮಾಡಿಕೊಂಡು ಬಂದಳು.

"ಅಪ್ಪ, ಪೂಡಲ್ ಅಂತ ಇದೆ. ಅದರ ಬೆರಕೆ ನಾಯಿಗೂ ಕೂದಲು ಉದುರಲ್ವಂತೆ!"

"ಉದುರದೆ ಇದ್ರೆ ಅದೇನಾಗುತ್ತೆ?" ಎಂದ ಮೌನಪ್ಪ ಗೋಡೆಯ ಮೇಲೆ ಕಾಲಿಟ್ಟುಕೊಂಡೇ.

"ಅಲ್ಲೇ ಇರುತ್ತೆ."

"ಬೆಳೀತಾನೇ ಇರುತ್ತಾ?"

"ಹೂಂ."

ಅವನಿಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ಹೆಂಡತಿಯ ಕಾರ್ಖಾನೆಯ ಒಬ್ಬಾಕೆಯ ಮನೆಯಲ್ಲಿ ಪೂಡಲ್ ಮರಿ ಹಾಕಿತ್ತು. ತಂದೆ ಯಾರೆಂದು ಖಚಿತವಿರಲಿಲ್ಲ. ಮರಿಗಳ ಜೋಲು ಕಿವಿ ನೋಡಿ ಪಕ್ಕದ ಮನೆಯ ಸ್ಪೇನಿಯಲ್ ಜಾತಿಯ ನಾಯಿಯ ಮೇಲೆ ಎಲ್ಲರಿಗೂ ಅನುಮಾನ. ಎದೆಯ ಡಾಕ್ಟರು, "ಯಾವ ನಾಯಿಯೂ ಪೂರ್ತಿ ನಿರಪಾಯ ಅಲ್ಲ, ಕೂರಿಸಿ ನೋಡಿ" ಎಂದರು. ನಾಲ್ಕು ಭಾನುವಾರ ಮಗಳನ್ನು ಆ ಮನೆಯಲ್ಲಿ ಮರಿಯ ಜೊತೆ ಒಂದೊಂದು ಗಂಟೆ ಕೂರಿಸಿ ಕಾದರು. ಕೆಮ್ಮು ಬರಲಿಲ್ಲ. ಐದನೆಯ ಭಾನುವಾರ ತಿಳಿ ಕಿತ್ತಳೆ ಬಣ್ಣದ ಆ ಗುಂಗುರು ಮುದ್ದೆ ಇವರ ಮನೆಗೆ ಬಂತು. ಮಗಳು ಉಣ್ಣೆ ಎಂದು ಹೆಸರಿಟ್ಟಳು.

"ನಾಯಿಗೆ ಉಣ್ಣೆ ಅಂತ ಯಾರಾದ್ರೂ ಹೆಸರಿಡ್ತಾರೇನೇ? ಕರೆದ ತಕ್ಷಣ ಬೀದಿನಾಯಿಗಳ ಉಣ್ಣೆಹುಳವೆಲ್ಲ ಬಂದು ಮೈಗೆ ಹತ್ತಿಕೊಳ್ಳುತ್ತೆ," ಎಂದು ಹೆಂಡತಿ ನಕ್ಕಳು. ಹೆಸರು ಮಾತ್ರ ನಿಂತಿತು.

ದಿನಾ ಬಾಚುವುದು ತನ್ನ ಹೊಣೆ ಎಂದು ಮಗಳು ಮಾತು ಕೊಟ್ಟಿದ್ದಳು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊದಲ ಎರಡು ತಿಂಗಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಚಿದಳು. ಆಮೇಲೆ ಪರೀಕ್ಷೆ ಬಂತು, ಗೆಳತಿಯರು ಬಂದರು. ಬಾಚಣಿಗೆ ಸೋಫಾದ ಕೆಳಗೆ ಸೇರಿತು. ಬೆಳಗಿನ ತಿರುಗಾಟ ತಾಯಿಯ ಪಾಲಿಗೆ ಬಂತು. ಉಣ್ಣೆಗೆ ಬುದ್ಧಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅಡುಗೆಮನೆಯ ಚಿಲಕ ತೆಗೆಯುವುದನ್ನು ಒಂದೇ ವಾರದಲ್ಲಿ ಕಲಿಯಿತು. ಮೂವರೂ ಹೊರಗೆ ಹೋದರೆ ಬಾಗಿಲಿಗೆ ಮೂಗಿಟ್ಟು ಅಳುತ್ತಿತ್ತು. ಮೇಲಿನ ಮನೆಯ ಅಜ್ಜಿ ಇಳಿದು ಬಂದು, "ನಿಮ್ಮ ನಾಯಿಗೆ ಯಾರು ಸತ್ತಿದ್ದಾರಮ್ಮ?" ಎಂದು ಕೇಳುವಷ್ಟು.

ಒಂಬತ್ತು ತಿಂಗಳಾದಾಗ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರತೊಡಗಿತು. ಪೂಡಲ್ ಬೆರಕೆಗೆ ಅದು ಕೆಟ್ಟ ಕಾಲ. ಹಳೆಯ ಕೂದಲು ನೆಲಕ್ಕೆ ಬೀಳುವುದಿಲ್ಲ, ಹೊಸದರ ಸುರುಳಿಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಮೇಲೆ ಮೇಲೆ ಬಾಚಿದ್ದರಿಂದ ಇವರಿಗೆ ಏನೂ ಕಾಣಲಿಲ್ಲ. ಯಾವುದೋ ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ನಾಯಿ ಡಾಕ್ಟರಮ್ಮ ಬೆರಳಿನಿಂದ ಕೂದಲನ್ನು ಬಗೆದು ತೋರಿಸಿದರು. ಮೇಲೆ ಹೂವು, ಕೆಳಗೆ ಕಂಬಳಿ. ಕಂಬಳಿಯ ಅಡಿಯಲ್ಲಿ ಚರ್ಮ ಕೆಂಪಾಗಿ ಬೆವರುಸಾಲೆಯಂತೆ ಎದ್ದಿತ್ತು.

"ಯಾರು ಬಾಚೋದು ಇದನ್ನ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಬರಿಯಲ್ಲಿ ಮಗಳು, "ನಮ್ಮಪ್ಪ ಕ್ಷೌರದಂಗಡಿ ಇಟ್ಟಿದ್ದಾರೆ ಮೇಡಂ," ಎಂದುಬಿಟ್ಟಳು.

ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. "ಹಾಗಾದ್ರೆ ನಾನು ನಿಮಗೆ ಹೇಳಿಕೊಡೋದೇನಿದೆ?" ಎಂದರು, ಅಷ್ಟೆ. ಮೌನಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಬಿಡಿಸಲು ಸಾಧ್ಯವೇ ಇರಲಿಲ್ಲ, ಬೋಳಿಸಬೇಕಾಯಿತು. ಕೂದಲು ಕುರಿಯ ತುಪ್ಪಟದಂತೆ ಒಂದೇ ಹಾಳೆಯಾಗಿ ಕಳಚಿತು. ಒಳಗಿನಿಂದ ಹೊರಬಂದದ್ದು ಅರ್ಧದಷ್ಟು ಗಾತ್ರದ, ಗುಲಾಬಿ ಚರ್ಮದ, ನಡುಗುವ ಪ್ರಾಣಿ. ಎರಡು ದಿನ ಅದು ಊಟದ ಮೇಜಿನ ಕೆಳಗಿನಿಂದ ಈಚೆ ಬರಲಿಲ್ಲ. ಮೂರನೆಯ ದಿನ ಮೌನಪ್ಪ ಗೋಡೆಗೆ ಕಾಲೆತ್ತಿ ಮಲಗಿದ್ದಾಗ ಸದ್ದಿಲ್ಲದೆ ಬಂದು ಅವನ ಪಕ್ಕೆಗೆ ಬೆನ್ನು ಕೊಟ್ಟು ಮಲಗಿತು. ಅವನು ಅದರ ಮೈಮೇಲೆ ತನ್ನ ಟವಲು ಹೊದಿಸಿದ.

ಅಂದಿನಿಂದ ಆ ಕೂದಲು ಅವನದಾಯಿತು. ಹಿಂದಿನ ಕೋಣೆಯಲ್ಲಿ ಹಳೆಯ ಇಸ್ತ್ರಿ ಮೇಜಿಗೆ ರಬ್ಬರ್ ಚಾಪೆ ಹೊಡೆದ. ಸಣ್ಣ ತಂತಿಗಳ ಬ್ರಷ್, ಉಕ್ಕಿನ ಬಾಚಣಿಗೆ, ಬೇರೆಯದೇ ಕತ್ತರಿ, ಬೇರೆಯದೇ ಮೆಷಿನ್ ತಂದ. ಅಂಗಡಿಯದು ಇಲ್ಲಿಗಿಲ್ಲ, ಇಲ್ಲಿಯದು ಅಂಗಡಿಗಿಲ್ಲ ಎಂಬುದು ಕಟ್ಟುನಿಟ್ಟು. ಪ್ರತಿ ಸಂಜೆ ಇಪ್ಪತ್ತು ನಿಮಿಷ ಬೈತಲೆ ತೆಗೆದು, ಬುಡದ ಚರ್ಮ ಕಾಣುವಂತೆ ಪದರ ಪದರವಾಗಿ ಬಾಚುತ್ತಿದ್ದ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿ ಉಜ್ಜುವ ಕಡೆ ಗಂಟುಗಳು ಮೊದಲು ಹುಟ್ಟುತ್ತವೆ ಎಂದು ಕಲಿತ. ಆರು ವಾರಕ್ಕೊಮ್ಮೆ ಮೈಗೆ ಮೆಷಿನ್, ಮುಖಕ್ಕೂ ಪಾದಕ್ಕೂ ಕತ್ತರಿ. ಸ್ನಾನವಾದರೆ ಬುಡದವರೆಗೆ ಒಣಗಿಸಬೇಕು. ಇಲ್ಲದಿದ್ದರೆ ಕಿವಿಯೊಳಗೆ ಹಸಿ ನಿಂತು ವಾಸನೆ ಬರುತ್ತದೆ. ಇಷ್ಟೆಲ್ಲ ಮುಗಿಸುವಷ್ಟರಲ್ಲಿ ಅವನ ಸೊಂಟ ಸೊಂಟವಾಗಿ ಉಳಿಯುತ್ತಿರಲಿಲ್ಲ.

ಅಂಗಡಿಯಲ್ಲಿ ಹದಿನೆಂಟು ತಲೆ ಮುಗಿಸಿ ಬಂದವನು, "ಹತ್ತೊಂಬತ್ತನೇ ಗಿರಾಕಿ," ಎಂದು ಗೊಣಗುತ್ತ ನಾಯಿಯನ್ನು ಮೇಜಿಗೆ ಎತ್ತುತ್ತಿದ್ದ. ಆದರೆ ಆ ಒಬ್ಬ ಗಿರಾಕಿಯ ಜೊತೆ ಮಾತ್ರ ಅವನು ಮಾತಾಡುತ್ತಿದ್ದ. ಮಗಳು ಒಮ್ಮೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಆ ಬ್ಯಾಂಕಿನ ಸಾಹೇಬರು ಇದಾರಲ್ಲ, ನೆತ್ತಿ ಹಿಂದೆ ಖಾಲಿ ಆಗ್ತಾ ಇದೆ. ಅವರಿಗಿನ್ನೂ ಗೊತ್ತಿಲ್ಲ. ನಾನ್ಯಾಕೆ ಹೇಳ್ಲಿ? ನೀನೂ ಹೇಳ್ಬೇಡ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ತಾಯಿಯ ಬಳಿ ಓಡಿದಳು. ಇಬ್ಬರೂ ಅಡುಗೆಮನೆಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ವರ್ಷಗಳು ಹಾಗೆಯೇ ಉರುಳಿದವು. ಮಗಳು ಕಾಲೇಜು ಸೇರಿ, ಬೆಳಿಗ್ಗೆ ಹೋದರೆ ಸಂಜೆಯ ಬಸ್ಸಿಗೆ ಬರುವಂತಾದಳು. ನಾಯಿಗೆ ಆರು ತುಂಬಿತು. ಮೌನಪ್ಪನ ಬಲಗೈ ನಡುಗಲು ಶುರುವಾದದ್ದು ಯಾವಾಗ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಮೊದಲು ತಟ್ಟೆಯ ಮೇಲೆ ಲೋಟ ಕಟಕಟ ಎಂದಿತು. ತಟ್ಟೆ ಬಿಟ್ಟು ಬರೀ ಲೋಟ ಹಿಡಿದ. ಮುಂದೆ ಸಹಿ ಹಾಕುವಾಗ ಅಕ್ಷರ ಕುಣಿಯಿತು. ಆಮೇಲೆ ರೇಜರ್ ಹಿಡಿದಾಗ.

ರೇಜರ್ ಹಿಡಿಯುವವನ ಕೈ ನಡುಗಿದರೆ ಇನ್ನೇನು ಉಳಿಯಿತು? ಅವನು ಮುಚ್ಚಿಡತೊಡಗಿದ. ಮಣಿಕಟ್ಟನ್ನು ಗಿರಾಕಿಯ ಭುಜಕ್ಕೆ ಆನಿಸಿಕೊಂಡು ಕತ್ತರಿಸಿದ. ಎಡಗೈಯಿಂದ ಬಲಗೈಯನ್ನು ಹಿಡಿದ. ಗಡ್ಡದವರು ಬಂದರೆ ಏನೋ ನೆಪ ಹೇಳಿ ಪಾಲುದಾರನ ಕುರ್ಚಿಗೆ ಕಳಿಸಿದ.

"ಏನೋ, ಗಡ್ಡನೆಲ್ಲ ನನ್ನ ತಲೆಗೇ ಕಟ್ತಾ ಇದ್ದೀಯ?" ಎಂದ ಪಾಲುದಾರ ಒಂದು ದಿನ.

"ಮಣಿಕಟ್ಟು ಉಳುಕಿದೆ."

"ಹೋದ ತಿಂಗಳೂ ಉಳುಕಿತ್ತು."

ಮೌನಪ್ಪ ಕುರ್ಚಿಯ ಮೇಲಿನ ಕೂದಲು ಕೊಡವಿದ. ಉತ್ತರ ಕೊಡದಿರುವುದು ಅವನಿಗೆ ಹೊಸದಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು. ಕೆಲಸಕ್ಕಿಂತ ಅದನ್ನು ಮುಚ್ಚಿಡುವುದೇ ಹೆಚ್ಚು ಸುಸ್ತು ಮಾಡುತ್ತಿತ್ತು. ಗೋಡೆಗೆ ಕಾಲಿಟ್ಟ ಅರ್ಧ ಗಂಟೆ ಒಂದು ಗಂಟೆಯಾಯಿತು. ಬಾಚುವುದು ದಿನ ಬಿಟ್ಟು ದಿನಕ್ಕೆ ಇಳಿಯಿತು. ಹೆಂಡತಿ ಕೇಳಿದರೆ, "ವಯಸ್ಸಾಯ್ತು ಕಣೇ," ಎನ್ನುತ್ತಿದ್ದ. ಅವಳೂ ದಣಿದು ಬಂದವಳು, ಕೆದಕಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಉಣ್ಣೆಯ ಎಡಗಿವಿಯ ಬುಡದಲ್ಲಿ ಅಡಕೆ ಗಾತ್ರದ ಗಂಟು ಸಿಕ್ಕಿತು. ಗಂಟನ್ನು ಕತ್ತರಿಯಿಂದ ಕತ್ತರಿಸಬಾರದು. ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಬೇಕು, ಆಮೇಲೆ ಬಾಚಣಿಗೆಯ ತುದಿ. ಇದು ಅವನಿಗೆ ಗೊತ್ತಿತ್ತು. ಮಗಳಿಗೆ ನೂರು ಸಲ ಹೇಳಿಯೂ ಇದ್ದ. ಆದರೆ ಹಿಂದಿನ ದಿನ ಅಂಗಡಿಯಲ್ಲಿ ಇಪ್ಪತ್ತಮೂರು ತಲೆ ಆಗಿತ್ತು, ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಒಂದೇ ಒಂದು ಸಲ ಎಂದುಕೊಂಡು ಕತ್ತರಿಯ ತುದಿಯನ್ನು ಗಂಟಿನ ಕೆಳಗೆ ತೂರಿಸಿದ. ಕೈ ಹಾರಿತು.

ನಾಯಿ ಕಿರುಚಿಕೊಂಡಿತು. ಕಿವಿಯ ಅಂಚು ಉಗುರಿನಷ್ಟು ಸೀಳಿತ್ತು. ಗಾಯ ದೊಡ್ಡದಲ್ಲ, ಆದರೆ ಕಿವಿಯ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಅದು ತಲೆ ಕೊಡವಿದಾಗಲೆಲ್ಲ ಗೋಡೆಗೆ, ಬೀರುವಿಗೆ, ಓಡಿ ಬಂದ ಹೆಂಡತಿಯ ಮುಖಕ್ಕೆ ಹನಿಗಳು ಸಿಡಿದವು. ಅವಳು ಒಗೆದ ಬಟ್ಟೆ ತಂದು ಕಿವಿಯನ್ನು ಒತ್ತಿ ಹಿಡಿದಳು. ತನ್ನ ತಲೆವಸ್ತ್ರದಿಂದ ಕಿವಿಯನ್ನು ತಲೆಗೆ ಸೇರಿಸಿ ಸುತ್ತಿ ಕಟ್ಟಿದಳು. ಮೌನಪ್ಪ ಕತ್ತರಿ ಹಿಡಿದೇ ನಿಂತಿದ್ದ.

"ಕತ್ತರಿ ಕೆಳಗಿಡ್ರೀ!"

ಆಗ ಇಟ್ಟ.

ನಾಯಿ ಡಾಕ್ಟರಮ್ಮ ಎರಡು ಹೊಲಿಗೆ ಹಾಕಿದರು. ಹೊಲಿಗೆ ಹಾಕುವಾಗ ನಾಯಿಯ ತಲೆ ಹಿಡಿದುಕೊಳ್ಳಲು ಮೌನಪ್ಪನಿಗೆ ಹೇಳಿದ್ದರು. ಕೊನೆಯ ಗಂಟು ಹಾಕಿ, ಕೈಗವಸು ಕಳಚುತ್ತ ಅವನ ಕೈಯನ್ನೇ ನೋಡಿದರು.

"ಇದು ಯಾವಾಗಿನಿಂದ?"

"ಏನು ಮೇಡಂ?"

"ನಿಮ್ಮ ಕೈ."

ಸುಳ್ಳು ಹೇಳಲು ಶಕ್ತಿ ಸಾಲಲಿಲ್ಲ. "ಎರಡು ವರ್ಷ ಆಗಿರಬೇಕು," ಎಂದ.

ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಡಾಕ್ಟರಮ್ಮ, "ನಾನು ನಾಯಿ ಡಾಕ್ಟರು, ಮನುಷ್ಯರ ವಿಷಯ ಹೇಳಬಾರದು. ಆದರೆ ತೋರಿಸಿಕೊಳ್ಳಿ," ಎಂದರು.

ದಾರಿಯುದ್ದಕ್ಕೂ ನಾಯಿಯನ್ನು ಹೆಂಡತಿಯೇ ಎತ್ತಿಕೊಂಡಿದ್ದಳು. ಮನೆಯ ಮೆಟ್ಟಿಲ ಬಳಿ ನಿಂತು ಕೇಳಿದಳು: "ಎರಡು ವರ್ಷ. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ನಾಯಿಗೆ ಹೇಳಿದ್ದೆ."

ಅವಳಿಗೆ ಕೋಪ, ನಗು ಎರಡೂ ಒಟ್ಟಿಗೆ ಬಂದು ಯಾವುದೂ ಪೂರ್ತಿಯಾಗಲಿಲ್ಲ.

"ಹೌದಾ? ಅದೇನಂತು?"

"ಏನೂ ಅನ್ಲಿಲ್ಲ."

"ನಿಮ್ಮ ಜೊತೆ ಇದ್ದೂ ಇದ್ದೂ ಅದೂ ನಿಮ್ಮ ಹಾಗೇ ಆಗಿದೆ," ಎಂದು ಅವಳು ಒಳಗೆ ಹೋಗಿ, ಗೋಡೆಯ ರಕ್ತ ಒರೆಸತೊಡಗಿದಳು.

ನರಗಳ ಡಾಕ್ಟರು ಒಂದು ಹಾಳೆಯ ಮೇಲೆ ಸುರುಳಿ ಬರೆಯಲು ಹೇಳಿದರು. ಅವನು ಬರೆದ ಸುರುಳಿ ಗರಗಸದ ಹಲ್ಲಿನಂತಿತ್ತು. ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತೇ ಎಂದು ಕೇಳಿದಾಗ, ಅಪ್ಪನಿಗೆ ಇತ್ತು ಎಂದ. ಅಪ್ಪ ಕುಡಿಯುತ್ತಿದ್ದ, ಕೈನಡುಕ ಅದರಿಂದಲೇ ಎಂದು ಊರೆಲ್ಲ ಅಂದುಕೊಂಡಿತ್ತು. ಮಗನೂ ಅದನ್ನೇ ನಂಬಿ ಅಪ್ಪನ ಜೊತೆ ಹತ್ತು ವರ್ಷ ಸರಿಯಾಗಿ ಮಾತಾಡಿರಲಿಲ್ಲ. "ಇದು ವಂಶದಲ್ಲಿ ಬರೋ ನಡುಕ. ಪ್ರಾಣಕ್ಕೇನೂ ಅಪಾಯ ಇಲ್ಲ," ಎಂದರು ಡಾಕ್ಟರು. ಮಾತ್ರೆ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ರೇಜರ್ ಬೇಡ. ಮಾತ್ರೆಯಿಂದ ಮೈ ಭಾರ ಅನ್ನಿಸಬಹುದು.

ಮೈ ಮೊದಲೇ ಭಾರವಾಗಿತ್ತು. ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಮುಂದಿನ ಸೋಮವಾರ ಅಂಗಡಿ ತೆರೆಯುವ ಮೊದಲು, ಶೆಟರ್ ಅರ್ಧ ಎತ್ತಿಟ್ಟು, ಪಾಲುದಾರನಿಗೆ ಹೇಳಿದ. ಇಪ್ಪತ್ತೇಳು ವರ್ಷದಲ್ಲಿ ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ವಟವಟ ಎನ್ನುವ ಪಾಲುದಾರ ಆ ದಿನ ಬಾಯಿ ಮುಚ್ಚಿಕೊಂಡು ಕೇಳಿದ.

"ನನಗೆ ಗೊತ್ತಿತ್ತು ಕಣೋ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ನಲ್ಲ. ಮಣಿಕಟ್ಟು ಉಳುಕಿದೆ ಅಂದೆ. ನೀನು ಆಡೋದೇ ದಿನಕ್ಕೆ ನಾಲ್ಕು ಮಾತು. ಅದರಲ್ಲಿ ಒಂದು ಸುಳ್ಳು ಹೇಳಬೇಕಾದ್ರೆ ಎಷ್ಟು ಕಷ್ಟ ಇರ್ಬೇಕು ಅಂತ ಸುಮ್ಮನಾದೆ."

ಇಬ್ಬರೂ ಸೇರಿ ಕೆಲಸ ಹಂಚಿಕೊಂಡರು. ಗಡ್ಡ, ಕತ್ತರಿಯ ನಾಜೂಕು ಕೆಲಸ ಪಾಲುದಾರನಿಗೆ. ತಲೆ ತೊಳೆಯುವುದು, ಮೆಷಿನ್ನಿಗೆ ಬಾಚಣಿಗೆಯಂಥ ಹಲ್ಲು ಸಿಕ್ಕಿಸಿ ಒಂದೇ ಸಮ ಕತ್ತರಿಸುವುದು ಮೌನಪ್ಪನಿಗೆ. ಬ್ಯಾಂಕಿನ ಸಾಹೇಬರು ವಿಷಯ ಕೇಳಿಯೂ ಮೌನಪ್ಪನ ಕುರ್ಚಿಗೇ ಬಂದು ಕೂತರು. "ಎರಡೂ ಕಿವಿ ಮನೆಗೆ ತಗೊಂಡು ಹೋದ್ರೆ ಸಾಕಪ್ಪ," ಎಂದರು. ಎಲ್ಲರೂ ಹಾಗೆ ಬರಲಿಲ್ಲ. ಹಲವರು ಕಣ್ಣು ತಪ್ಪಿಸಿ ಪಕ್ಕದ ಕುರ್ಚಿಗೆ ಕಾದು ಕೂತರು. ಅವನು ಖಾಲಿ ಕುರ್ಚಿಯ ಹಿಂದೆ ನಿಂತಿರುತ್ತಿದ್ದ. ಕೂರುವ ಅಭ್ಯಾಸವೇ ಇರಲಿಲ್ಲ.

ಉಣ್ಣೆಯ ಕಿವಿ ವಾಸಿಯಾಯಿತು, ಭಯ ವಾಸಿಯಾಗಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದರೆ ಸಾಕು, ಬಾಲ ಕಾಲ ಸಂದಿಗೆ ಸೇರುತ್ತಿತ್ತು. ಮೌನಪ್ಪನ ಪಕ್ಕ ಮಲಗುವುದನ್ನು ಅದು ಬಿಟ್ಟಿರಲಿಲ್ಲ, ಆದರೆ ಅವನ ಬಲಗೈ ತಲೆಯ ಕಡೆ ಬಂದರೆ ಕಣ್ಣು ಮುಚ್ಚಿ ಬಿಗಿಯುತ್ತಿತ್ತು. ಅದನ್ನು ನೋಡುವುದು ಅವನಿಗೆ ಆಗುತ್ತಿರಲಿಲ್ಲ. ಮೇಜನ್ನು ಮಡಚಿಟ್ಟ. ನೆಲದ ಮೇಲೆ ಕೂತು, ಬರೀ ಬೆರಳಿನಿಂದ ಬೆನ್ನಿನ ಕೂದಲು ಬಿಡಿಸಿದ. ಹದಿನೈದು ದಿನಕ್ಕೆ ಬಾಚಣಿಗೆ ಒಪ್ಪಿಕೊಂಡಿತು. ಕತ್ತರಿ ಮಾತ್ರ ಬೇಡ. ಕೂದಲು ಕಣ್ಣಿಗೆ ಇಳಿಯಿತು, ಪಾದದ ಕೆಳಗೂ ಬೆಳೆದು ನಾಯಿ ನುಣುಪು ನೆಲದ ಮೇಲೆ ಜಾರತೊಡಗಿತು. ಮಗಳು ಒಂದು ದಿನ ಕತ್ತರಿ ಹಿಡಿದು ಕೂತಳು. ಒಂದೇ ಒಂದು ಎಳೆ ಕತ್ತರಿಸಿ, "ನನ್ನ ಕೈಲಾಗಲ್ಲಪ್ಪ, ಹೆದರಿಕೆ," ಎಂದು ಅತ್ತಳು. ಬಾಚುವ ಮಾತು ಕೊಟ್ಟು ತಪ್ಪಿದ್ದು ತಾನೇ ಅಲ್ಲವೇ ಎಂಬುದು ಆ ಅಳುವಿನಲ್ಲಿತ್ತು. ಅವನು ಅವಳ ತಲೆ ಸವರಿ, "ಹೋಗು, ಓದ್ಕೋ," ಎಂದ.

ಕೊನೆಗೆ ಹೆಂಡತಿ ತನ್ನ ಕಾರ್ಖಾನೆಯ ಥರದ್ದೇ ಪುಟ್ಟ ಕತ್ತರಿಯೊಂದನ್ನು ತಂದಳು. ಮುಷ್ಟಿಯಲ್ಲಿ ಮುಚ್ಚಿಹೋಗುವಂಥದ್ದು, ಹೆಚ್ಚು ಸದ್ದಿಲ್ಲ.

"ನೀವು ಹಿಡ್ಕೊಳ್ಳಿ, ಹೇಳಿಕೊಡಿ. ನಾನು ಕತ್ತರಿಸ್ತೀನಿ."

"ನಿನಗೆ ಬರಲ್ಲ."

"ನಿಮಗೂ ಈಗ ಬರಲ್ವಲ್ಲ. ಸಮ ಆಯ್ತು."

ಇಬ್ಬರೂ ನೆಲದ ಮೇಲೆ ಕೂತರು. ನಾಯಿಯ ಗದ್ದ ಮೌನಪ್ಪನ ಬಲ ಅಂಗೈಯಲ್ಲಿ. ಅಂಗೈ ನಡುಗುತ್ತಿತ್ತು, ನಾಯಿಯೂ ನಡುಗುತ್ತಿತ್ತು. ಯಾವುದು ಯಾವುದರ ನಡುಕ ಎಂದು ತಿಳಿಯದಂತೆ ಎರಡೂ ಒಟ್ಟಿಗೆ ಸ್ವಲ್ಪ ಹೊತ್ತು ನಡುಗಿದವು. ಆಮೇಲೆ ನಾಯಿ ಉಸಿರು ಬಿಟ್ಟು ತಲೆಯ ಭಾರವನ್ನೆಲ್ಲ ಅವನ ಕೈಯೊಳಗೆ ಇಳಿಸಿತು. ತಲೆಯ ಭಾರ ಬಿದ್ದ ಮೇಲೆ ಕೈ ಕೊಂಚ ತಡೆಯಿತು.

"ಕಣ್ಣಿನಿಂದ ಆಚೆಗೆ ತುದಿ ಇರಲಿ. ಬಾಚಣಿಗೆ ಅಡ್ಡ ಹಿಡಿ, ಅದರ ಮೇಲೆ ಬಂದಷ್ಟೇ ಕತ್ತರಿಸು. ಅಯ್ಯೋ, ಅಷ್ಟಲ್ಲ! ಮೆಟ್ಟಿಲು ಆಯ್ತು ನೋಡು. ಬಟ್ಟೆ ಅಲ್ಲ ಕಣೇ ಅದು."

"ಬಟ್ಟೆ ಆಗಿದ್ರೆ ಎಷ್ಟೋ ವಾಸಿ. ಪಕ್ಕದಲ್ಲಿ ಕೂತು ಯಾರೂ ಇಷ್ಟು ಮಾತಾಡಲ್ಲ."

ಅವನು ಸುಮ್ಮನಾದ. ಎರಡು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದ. ಕತ್ತರಿಯನ್ನು ಕಿತ್ತುಕೊಳ್ಳುವ ಆಸೆ ಅವನ ಬೆರಳುಗಳಲ್ಲಿ ಚುರುಚುರು ಎನ್ನುತ್ತಿತ್ತು. ಆ ಬೆರಳುಗಳಿಗೆ ನಾಯಿಯ ಗದ್ದ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಈಗ ಮೌನಪ್ಪನಿಗೆ ಐವತ್ತಾರು, ಉಣ್ಣೆಗೆ ಒಂಬತ್ತು. ಅಂಗಡಿಗೆ ಮಧ್ಯಾಹ್ನದವರೆಗೆ ಮಾತ್ರ ಹೋಗುತ್ತಾನೆ. ಒಂದು ಮಾತ್ರೆ ಎರಡಾಗಿದೆ. ಹೆಂಡತಿಯ ಕೆಲಸ ಹಿಂದಿನಂತೆಯೇ ಇದೆ. ವಾರವಿಡೀ ನೂಲು ಕತ್ತರಿಸಿದ ಅವಳ ಹೆಬ್ಬೆರಳು ಭಾನುವಾರ ಹೆಚ್ಚು ಹೊತ್ತು ಬಗ್ಗುವುದಿಲ್ಲ. ಹಾಗಾಗಿ ನಾಯಿಯ ಕ್ಷೌರ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಒಂದು ಭಾನುವಾರ ಎಡಮಗ್ಗುಲು, ಮುಂದಿನ ಭಾನುವಾರ ಬಲಮಗ್ಗುಲು. ನಡುವಿನ ಒಂದು ವಾರ ಉಣ್ಣೆ ಒಂದು ಕಡೆಯಿಂದ ನೋಡಿದರೆ ಅಚ್ಚುಕಟ್ಟು ನಾಯಿ, ಇನ್ನೊಂದು ಕಡೆಯಿಂದ ನೋಡಿದರೆ ಹಾಸಿಗೆಯಿಂದೆದ್ದ ಕುರಿ.

ಹಾಗೇ ಅದನ್ನು ಸಂಜೆ ತಿರುಗಾಡಿಸಲು ಕರೆದುಕೊಂಡು ಹೋಗುತ್ತಾನೆ. ಹಗ್ಗ ಎಡಗೈಯಲ್ಲಿ, ಬಲಗೈ ಜೇಬಿನಲ್ಲಿ. ಬೀದಿಯ ಕೊನೆಯ ಕಟ್ಟೆಯವರೆಗೆ ಹೋಗುವಷ್ಟರಲ್ಲಿ ಇಬ್ಬರಿಗೂ ಸಾಕಾಗಿರುತ್ತದೆ. ನಾಯಿ ಮೊದಲು ಕೂರುತ್ತದೆ, ಆಮೇಲೆ ಅವನು. ಮೊನ್ನೆ ಒಬ್ಬಾಕೆ ನಿಂತು, "ಇದೇನ್ರೀ, ಅರ್ಧಕ್ಕೇ ಬಿಟ್ಟಿದ್ದೀರಾ?" ಎಂದು ಕೇಳಿದಳು.

"ಹೂಂ. ನಮ್ಮನೆಯವಳಿಗೆ ಸುಸ್ತಾಯ್ತು," ಎಂದ ಮೌನಪ್ಪ. ಸ್ವಲ್ಪ ತಡೆದು, "ನನಗೂ," ಎಂದು ಸೇರಿಸಿ, ಜೇಬಿನಿಂದ ಕೈ ತೆಗೆದು ನಾಯಿಯ ಬೆನ್ನ ಮೇಲಿಟ್ಟ.